ರೋಬೋ ಕಾರು ನಿಂತಲ್ಲೇ ಗುಂಯ್ ಅಂತಿದೆಯಾ? ಮೋಟಾರ್ ಡ್ರೈವರ್ ವೈರಿಂಗ್, ಸೆಟ್ಟಿಂಗ್ ಬಗ್ಗೆ ಪೂರ್ತಿ ಮಾಹಿತಿ ಇಲ್ಲಿದೆ

ಶಾಲೆಗಳ ವಿಜ್ಞಾನ ವಸ್ತು ಪ್ರದರ್ಶನ ಅಂದ್ರೆ ಈಗ ಬರೀ ಜ್ವಾಲಾಮುಖಿ, ಗಾಳಿಯಂತ್ರದ ಮಾಡೆಲ್ ಅಲ್ಲ. ಹೈಸ್ಕೂಲ್ ಮಕ್ಕಳು ಮೊಬೈಲ್‌ನಿಂದ ಓಡುವ ಕಾರು, ಗೋಡೆ ಕಂಡರೆ ತಿರುಗುವ ರೋಬೋ, ಕಪ್ಪು ಗೆರೆ ಹಿಡಿದು ಹೋಗುವ ಗಾಡಿ ಮಾಡ್ತಿದ್ದಾರೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಸಾಮಾನು ಸಿಗುತ್ತೆ. ಇನ್‌ಸ್ಪೈರ್ ಅವಾರ್ಡ್ ಮಾನಕ್ ಯೋಜನೆಗೆ ಆಯ್ಕೆಯಾದ ವಿದ್ಯಾರ್ಥಿಗೆ ಮಾಡೆಲ್ ಮಾಡೋಕೆ 10,000 ರೂಪಾಯಿ ಖಾತೆಗೆ ಬರುತ್ತೆ. ಇವೆರಡೂ ಇಲ್ಲದ ಮಕ್ಕಳು ಅಪ್ಪ ಅಮ್ಮನ ಹತ್ರ ದುಡ್ಡು ಇಸ್ಕೊಂಡು ಬಸ್ ಸ್ಟ್ಯಾಂಡ್ ಪಕ್ಕದ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬರ್ತಾರೆ.

ಸಮಸ್ಯೆ ಶುರುವಾಗೋದು ಇಲ್ಲೇ. ಮನೆಯಲ್ಲಿ ಓಡಿದ ಕಾರು ಪ್ರದರ್ಶನದ ದಿನ ಓಡಲ್ಲ. ಮೋಟಾರ್ ಗುಂಯ್ ಅನ್ನುತ್ತೆ, ಚಕ್ರ ತಿರುಗಲ್ಲ. ಇಲ್ಲಾಂದ್ರೆ ಹತ್ತು ನಿಮಿಷ ಓಡಿ ಬೋರ್ಡ್ ಸುಟ್ಟ ವಾಸನೆ ಬರುತ್ತೆ. ಮಗು ‘ನನಗೆ ಇದೆಲ್ಲ ಬರಲ್ಲ’ ಅಂತ ಕೈ ಬಿಡುತ್ತೆ. ನಿಜ ಹೇಳಬೇಕಂದ್ರೆ ಹೆಚ್ಚಿನ ಸಲ ತಪ್ಪು ಮಗುವಿನ ಬುದ್ಧಿಯದ್ದಲ್ಲ, ಒಂದು ಬ್ಯಾಟರಿ ಮತ್ತು ಒಂದು ವೈರಿನದ್ದು. ಹಾಗಾಗಿ ವಿದ್ಯಾರ್ಥಿಗಳು, ಪೋಷಕರು, ಅಂಗಡಿಯವರು ಮೂವರಿಗೂ ಉಪಯೋಗ ಆಗಲಿ ಅಂತ ಈ ಮಾಹಿತಿ.

ಮೋಟಾರ್ ಡ್ರೈವರ್ ಯಾಕೆ ಬೇಕು?

ಪಂಪ್‌ಸೆಟ್ ಇರುವವರಿಗೆ ಇದು ಬೇಗ ಅರ್ಥ ಆಗುತ್ತೆ. ಸ್ಟಾರ್ಟರ್‌ನ ಹಸಿರು ಬಟನ್ ಒತ್ತಿದಾಗ ಮೋಟಾರಿನ ಕರೆಂಟ್ ಪೂರ್ತಿ ಆ ಬಟನ್ ಮೂಲಕ ಹೋಗಲ್ಲ. ಬಟನ್ ಬರೀ ಕಾಯಿಲ್‌ಗೆ ಸಣ್ಣ ಕರೆಂಟ್ ಕೊಡುತ್ತೆ, ಕಾಯಿಲ್ ದೊಡ್ಡ ಕಾಂಟ್ಯಾಕ್ಟ್ ಎಳೆಯುತ್ತೆ, ಆಮೇಲೆ ಮೋಟಾರ್ ಓಡುತ್ತೆ. ರೋಬೋದಲ್ಲೂ ಅದೇ ಲೆಕ್ಕ. ಆರ್ಡುಯಿನೋ ಬೋರ್ಡ್ ಅಂದ್ರೆ ಬಟನ್. ಮೋಟಾರ್ ಡ್ರೈವರ್ ಅಂದ್ರೆ ಸ್ಟಾರ್ಟರ್.

ಆರ್ಡುಯಿನೋ ಊನೋದ ಒಂದು ಪಿನ್ ಕೊಡಬಹುದಾದ ಕರೆಂಟ್ 20 ಮಿಲಿ ಆಂಪಿಯರ್, 40 ದಾಟಿದರೆ ಪಿನ್ ಹಾಳು. ಹಳದಿ ಬಣ್ಣದ ಬಿಓ ಮೋಟಾರ್ ಸುಮ್ಮನೆ ತಿರುಗೋಕೇ ನೂರು ಮಿಲಿ ಆಂಪಿಯರ್‌ಗೂ ಮೇಲೆ ಕೇಳುತ್ತೆ. ಚಕ್ರ ಸಿಕ್ಕಿಹಾಕಿಕೊಂಡಾಗ ಅದರ ಹಲವು ಪಟ್ಟು ಎಳೆಯುತ್ತೆ. ಹಾಗಾಗಿ ಮೋಟಾರ್ ವೈರನ್ನು ನೇರ ಆರ್ಡುಯಿನೋ ಪಿನ್‌ಗೆ ಯಾವತ್ತೂ ಚುಚ್ಚಬೇಡಿ.

ಡ್ರೈವರ್‌ಗೆ ಇನ್ನೊಂದು ಕೆಲಸ ಇದೆ. ಡಿಸಿ ಮೋಟಾರ್ ಉಲ್ಟಾ ತಿರುಗಬೇಕಾದ್ರೆ ಪ್ಲಸ್ ಮೈನಸ್ ಅದಲು ಬದಲು ಆಗಬೇಕು. ಡ್ರೈವರ್ ಒಳಗೆ ಒಂದು ಮೋಟಾರಿಗೆ ನಾಲ್ಕು ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತವೆ. ಎದುರುಬದುರಿನ ಒಂದು ಜೋಡಿ ಆನ್ ಆದರೆ ಮುಂದಕ್ಕೆ, ಇನ್ನೊಂದು ಜೋಡಿ ಆನ್ ಆದರೆ ಹಿಂದಕ್ಕೆ. ಇದಕ್ಕೆ ಎಚ್ ಬ್ರಿಡ್ಜ್ ಅಂತಾರೆ.

ನಮ್ಮ ಕಡೆ ಹೆಚ್ಚು ಸಿಗುವುದು ಎಲ್298ಎನ್

ಕೆಂಪು ಬಣ್ಣದ ಬೋರ್ಡ್, ಮೇಲೆ ಕಪ್ಪು ಹೀಟ್ ಸಿಂಕ್, ನೀಲಿ ಸ್ಕ್ರೂ ಟರ್ಮಿನಲ್. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಹಿಡಿದು ಆನ್‌ಲೈನ್‌ವರೆಗೆ ಎಲ್ಲಾ ಕಡೆ ಸಿಗುವ ಡ್ರೈವರ್ ಇದೇ. ಒಂದು ಬೋರ್ಡ್‌ನಲ್ಲಿ ಎರಡು ಮೋಟಾರ್ ಓಡಿಸಬಹುದು, ಒಂದೊಂದಕ್ಕೆ ಗರಿಷ್ಠ 2 ಆಂಪಿಯರ್. ಮೋಟಾರ್ ನಿಂತಾಗ ಬರುವ ಹಿಮ್ಮುಖ ಕರೆಂಟ್ ತಡೆಯೋಕೆ ಎಂಟು ಡಯೋಡ್ ಬೋರ್ಡ್ ಮೇಲೇ ಇರುತ್ತವೆ. ಗಟ್ಟಿ ಬೋರ್ಡ್, ಮಕ್ಕಳ ಕೈಗೆ ಒಳ್ಳೆಯದು.

ಆದರೆ ಇದರಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನು ಯಾರೂ ಹೇಳಲ್ಲ. ಇದು ಹಳೇ ಕಾಲದ ಟ್ರಾನ್ಸಿಸ್ಟರ್ ಡಿಸೈನ್. ಬ್ಯಾಟರಿಯಿಂದ ಬಂದ ವೋಲ್ಟೇಜ್‌ನಲ್ಲಿ ಸುಮಾರು 2 ವೋಲ್ಟ್ ತಾನೇ ನುಂಗುತ್ತೆ. ಕರೆಂಟ್ ಜಾಸ್ತಿ ಆದಷ್ಟೂ ನುಂಗೋದೂ ಜಾಸ್ತಿ. ಆ ನುಂಗಿದ್ದೆಲ್ಲ ಬಿಸಿಯಾಗಿ ಹೋಗುತ್ತೆ, ಅದಕ್ಕೇ ಅಷ್ಟು ದೊಡ್ಡ ಹೀಟ್ ಸಿಂಕ್. ಈ 2 ವೋಲ್ಟ್ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಬ್ಯಾಟರಿ ಆರಿಸಬೇಕು.

ಬ್ಯಾಟರಿ: ನೂರಕ್ಕೆ ಅರ್ಧ ಸಮಸ್ಯೆ ಇಲ್ಲೇ

9 ವೋಲ್ಟ್ ಚೌಕ ಬ್ಯಾಟರಿ: ಮಕ್ಕಳು ಮೊದಲು ಕೇಳೋದೇ ಇದನ್ನ. ಇದು ಮಲ್ಟಿಮೀಟರ್‌ನಂಥ ಕಡಿಮೆ ಕರೆಂಟ್ ಸಾಮಾನಿಗೆ ಮಾಡಿದ್ದು. ಮೀಟರ್ ಇಟ್ಟರೆ 9 ತೋರಿಸುತ್ತೆ, ಎರಡು ಮೋಟಾರ್ ಹಾಕಿದ ಕೂಡಲೇ ವೋಲ್ಟೇಜ್ ಕುಸಿಯುತ್ತೆ. ಆರ್ಡುಯಿನೋ ಆಫ್ ಆಗಿ ಮತ್ತೆ ಆನ್ ಆಗುತ್ತೆ. ಕಾರು ಒಂದು ಗೇಣು ಹೋಗಿ ನಿಲ್ಲುತ್ತೆ. ಮೋಟಾರ್ ಕೆಲಸಕ್ಕೆ ಇದು ಬೇಡವೇ ಬೇಡ.

ನಾಲ್ಕು ಪೆನ್ಸಿಲ್ ಸೆಲ್: ಹೊಸದಾಗಿದ್ದರೆ 6 ವೋಲ್ಟ್. ಡ್ರೈವರ್ 2 ನುಂಗಿದರೆ ಮೋಟಾರಿಗೆ ಸಿಗೋದು 4. ಕಾರು ಓಡುತ್ತೆ, ಆದರೆ ನಿಧಾನ. ರೀಚಾರ್ಜ್ ಸೆಲ್ ಆದರೆ ಒಂದಕ್ಕೆ 1.2 ವೋಲ್ಟ್ ಲೆಕ್ಕ, ನಾಲ್ಕಕ್ಕೆ 4.8. ಮೋಟಾರಿಗೆ 3 ವೋಲ್ಟ್ ಕೂಡ ಮುಟ್ಟಲ್ಲ. ಆರು ಅಥವಾ ಎಂಟು ಸೆಲ್‌ನ ಹೋಲ್ಡರ್ ತಗೊಳ್ಳಿ.

ಎರಡು 18650 ಲಿಥಿಯಂ ಸೆಲ್: ಒಂದರ ಹಿಂದೆ ಒಂದು ಜೋಡಿಸಿದರೆ 7.4 ವೋಲ್ಟ್, ಫುಲ್ ಚಾರ್ಜ್‌ನಲ್ಲಿ 8.4. ಡ್ರೈವರ್ ನುಂಗಿದ ಮೇಲೂ ಮೋಟಾರಿಗೆ ಐದೂವರೆ ವೋಲ್ಟ್ ಹತ್ತಿರ ಸಿಗುತ್ತೆ. ಬಿಓ ಮೋಟಾರಿಗೆ ಇದು ಸರಿಯಾದ ಅಳತೆ.

ಆದರೆ ಲಿಥಿಯಂ ಸೆಲ್ ಜೊತೆ ಆಟ ಆಡಬೇಡಿ. ಇದು ಶಾರ್ಟ್ ಆದರೆ ವೈರ್ ಕೆಂಪಗೆ ಕಾಯುತ್ತೆ, ಬೆಂಕಿ ಹತ್ತಬಹುದು. ಕೆಳಗಿನ ಐದು ಮಾತು ಮನೆಯವರೂ ಓದಿ:

- ಸೆಲ್‌ಗೆ ನೇರ ಬೆಸುಗೆ ಹಾಕಬೇಡಿ, ಹೋಲ್ಡರ್ ಬಳಸಿ.
- ಬ್ಯಾಟರಿ ಪ್ಲಸ್ ವೈರಿನಲ್ಲಿ ಮೊದಲು 3 ಆಂಪಿಯರ್ ಫ್ಯೂಸ್, ಆಮೇಲೆ ಸ್ವಿಚ್, ಆಮೇಲೆ ಡ್ರೈವರ್.
- ಮೊಬೈಲ್ ಚಾರ್ಜರ್ ವೈರ್ ಕತ್ತರಿಸಿ ಸೆಲ್‌ಗೆ ನೇರ ಕೊಡಬೇಡಿ. ಸೆಲ್ ಹೊರಗೆ ತೆಗೆದು 18650ಗೆ ಅಂತಲೇ ಇರುವ ಚಾರ್ಜರ್‌ನಲ್ಲಿ ಹಾಕಿ. ಟಿಪಿ4056 ಅನ್ನೋ ಸಣ್ಣ ನೀಲಿ ಬೋರ್ಡ್ ಒಂದೇ ಸೆಲ್ ಚಾರ್ಜ್ ಮಾಡೋಕೆ, ಸೀರೀಸ್‌ನಲ್ಲಿರುವ ಎರಡಕ್ಕೆ ಅಲ್ಲ.
- ಒಂದು ಹಳೇದು ಒಂದು ಹೊಸದು ಸೇರಿಸಬೇಡಿ. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿಯೋಕೆ ಬಿಡಬೇಡಿ.
- ರಾತ್ರಿ ಮಲಗುವಾಗ ಚಾರ್ಜ್‌ಗೆ ಹಾಕಿ ಬಿಡಬೇಡಿ. ಊದಿಕೊಂಡ, ತಗ್ಗು ಬಿದ್ದ, ಮೇಲಿನ ಪ್ಲಾಸ್ಟಿಕ್ ಹರಿದ ಸೆಲ್ ಬಳಸಬೇಡಿ.

ವೈರಿಂಗ್: ಈ ಕ್ರಮದಲ್ಲೇ ಮಾಡಿ

ಶುರು ಮಾಡೋ ಮುಂಚೆ ಬ್ಯಾಟರಿ ತೆಗೆದಿಡಿ. ಎಲ್ಲಾ ವೈರಿಂಗ್ ಮುಗಿದ ಮೇಲೆ ಕೊನೆಗೆ ಬ್ಯಾಟರಿ.

1. ಮೋಟಾರ್: ಎಡ ಮೋಟಾರಿನ ಎರಡು ವೈರ್ ಔಟ್1, ಔಟ್2ಗೆ. ಬಲ ಮೋಟಾರಿನದ್ದು ಔಟ್3, ಔಟ್4ಗೆ. ನಾಲ್ಕು ಚಕ್ರದ ಕಾರಾದರೆ ಒಂದೇ ಬದಿಯ ಎರಡು ಮೋಟಾರ್ ಒಟ್ಟಿಗೆ ಸೇರಿಸಿ. ಸ್ಕ್ರೂ ಬಿಗಿ ಮಾಡಿ ವೈರ್ ಎಳೆದು ನೋಡಿ, ಕಿತ್ತು ಬರಬಾರದು.

2. ಮೈನಸ್: ಬ್ಯಾಟರಿ ಮೈನಸ್ ಡ್ರೈವರ್‌ನ ಜಿಎನ್‌ಡಿ ಟರ್ಮಿನಲ್‌ಗೆ. ಅದೇ ಜಿಎನ್‌ಡಿಯಿಂದ ಇನ್ನೊಂದು ವೈರ್ ಆರ್ಡುಯಿನೋದ ಜಿಎನ್‌ಡಿಗೆ. ಈ ಎರಡನೇ ವೈರನ್ನೇ ತುಂಬಾ ಜನ ಮರೀತಾರೆ. ಇದಿಲ್ಲಾಂದ್ರೆ ಆರ್ಡುಯಿನೋ ಕೊಡೋ ಸಿಗ್ನಲ್ ಡ್ರೈವರ್‌ಗೆ ತಿಳಿಯೋದೇ ಇಲ್ಲ. ಕೋಡ್ ಸರಿ ಇದ್ದರೂ ಮೋಟಾರ್ ಸುಮ್ಮನಿರುತ್ತೆ, ಇಲ್ಲಾ ಮನಸ್ಸಿಗೆ ಬಂದಂಗೆ ತಿರುಗುತ್ತೆ.

3. ಪ್ಲಸ್: ಫ್ಯೂಸ್, ಸ್ವಿಚ್ ದಾಟಿ ಬಂದ ಪ್ಲಸ್ ವೈರ್ ‘12 ವೋಲ್ಟ್’ ಅಂತ ಬರೆದ ಟರ್ಮಿನಲ್‌ಗೆ. 12 ಅಂತ ಬರೆದಿದ್ದರೂ 7.4 ಕೊಡಬಹುದು. ಅಲ್ಲಿಂದಲೇ ಒಂದು ವೈರ್ ಆರ್ಡುಯಿನೋದ ವಿನ್ ಪಿನ್‌ಗೆ ಕೊಡಿ, ಅದು 7ರಿಂದ 12 ವೋಲ್ಟ್ ತಗೊಳ್ಳುತ್ತೆ. ಇಲ್ಲಿ ಪ್ಲಸ್ ಮೈನಸ್ ಉಲ್ಟಾ ಆಯ್ತಂದ್ರೆ ಡ್ರೈವರ್, ಆರ್ಡುಯಿನೋ ಎರಡೂ ಹೋದಂಗೆ. ಊನೋದ ದುಂಡು ಜಾಕ್‌ನಲ್ಲಿ ಉಲ್ಟಾ ಕರೆಂಟ್ ತಡೆಯೋ ಡಯೋಡ್ ಇದೆ, ವಿನ್ ಪಿನ್‌ಗೆ ಇಲ್ಲ. ಎರಡು ಸಲ ನೋಡಿ.

4. 5 ವೋಲ್ಟ್ ಜಂಪರ್: ಸ್ಕ್ರೂ ಟರ್ಮಿನಲ್ ಹಿಂದೆ ಒಂದು ಸಣ್ಣ ಕಪ್ಪು ಕ್ಯಾಪ್ ಇರುತ್ತೆ. ಬ್ಯಾಟರಿ 12 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅಲ್ಲೇ ಇರಲಿ. ಆಗ ಡ್ರೈವರ್ ತನಗೆ ಬೇಕಾದ 5 ವೋಲ್ಟ್ ತಾನೇ ಮಾಡ್ಕೊಳ್ಳುತ್ತೆ, ‘5 ವೋಲ್ಟ್’ ಟರ್ಮಿನಲ್ ಖಾಲಿ ಬಿಡಿ. 12ಕ್ಕಿಂತ ಜಾಸ್ತಿ ಕೊಡೋದಾದ್ರೆ ಮಾತ್ರ ಕ್ಯಾಪ್ ತೆಗೆದು ಆ ಟರ್ಮಿನಲ್‌ಗೆ ಹೊರಗಿಂದ 5 ವೋಲ್ಟ್ ಕೊಡಬೇಕು.

5. ದಿಕ್ಕಿನ ಪಿನ್: ಐಎನ್1 ಆರ್ಡುಯಿನೋ 7ಕ್ಕೆ, ಐಎನ್2 8ಕ್ಕೆ, ಐಎನ್3 9ಕ್ಕೆ, ಐಎನ್4 10ಕ್ಕೆ.

6. ಸ್ಪೀಡ್ ಪಿನ್: ಇಎನ್‌ಎ, ಇಎನ್‌ಬಿ ಮೇಲೆ ಕ್ಯಾಪ್ ಇರುತ್ತೆ. ಅದು ಇದ್ದಷ್ಟು ಹೊತ್ತು ಮೋಟಾರ್ ಫುಲ್ ಸ್ಪೀಡ್ ಒಂದೇ. ಸ್ಪೀಡ್ ಹಿಡಿತಕ್ಕೆ ಬೇಕಾದ್ರೆ ಕ್ಯಾಪ್ ತೆಗೀರಿ. ಕೆಳಗೆ ಎರಡು ಪಿನ್ ಕಾಣುತ್ತೆ. ಅದರಲ್ಲಿ ಒಂದು 5 ವೋಲ್ಟ್, ಅದಕ್ಕೆ ವೈರ್ ಹಾಕಬೇಡಿ. ಬ್ಯಾಟರಿ ಆನ್ ಮಾಡಿ ಮೀಟರ್‌ನಲ್ಲಿ ನೋಡಿ, 5 ತೋರಿಸದ ಇನ್ನೊಂದು ಪಿನ್ನೇ ಬೇಕಾದ್ದು. ಗುರುತು ಮಾಡಿಕೊಂಡು, ಸ್ವಿಚ್ ಆಫ್ ಮಾಡಿ ಇಎನ್‌ಎ ಆರ್ಡುಯಿನೋ 5ಕ್ಕೆ, ಇಎನ್‌ಬಿ 6ಕ್ಕೆ ಕೊಡಿ.

5 ಮತ್ತು 6 ಯಾಕೆ? ಊನೋದಲ್ಲಿ ಸ್ಪೀಡ್ ಸಿಗ್ನಲ್, ಅಂದ್ರೆ ಪಿಡಬ್ಲ್ಯೂಎಂ ಬರೋದು 3, 5, 6, 9, 10, 11 ಈ ಆರು ಪಿನ್‌ಗಳಲ್ಲಿ ಮಾತ್ರ. ಮುಂದೆ ಕಾರಿಗೆ ಸರ್ವೋ ಮೋಟಾರ್ ಸೇರಿಸಿದರೆ ಅದರ ಲೈಬ್ರರಿ 9, 10ರ ಪಿಡಬ್ಲ್ಯೂಎಂ ನಿಲ್ಲಿಸಿಬಿಡುತ್ತೆ. ಬಜರ್‌ಗೆ ಟೋನ್ ಕಮಾಂಡ್ ಬಳಸಿದರೆ 3, 11ಕ್ಕೆ ತೊಂದರೆ. 5, 6 ಇವೆರಡರಿಂದಲೂ ದೂರ.

7. ಕೆಪಾಸಿಟರ್: ಪ್ರತಿ ಮೋಟಾರಿನ ಎರಡು ತುದಿ ನಡುವೆ ‘104’ ಅಂತ ಬರೆದ ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ. ಮೋಟಾರಿನ ಕಿಡಿಯಿಂದ ಬರುವ ಗಲಾಟೆ ಕಡಿಮೆ ಆಗುತ್ತೆ, ಬ್ಲೂಟೂತ್ ಪದೇ ಪದೇ ಕಡಿಯಲ್ಲ.

ಕೋಡ್‌ನಲ್ಲಿ ಸೆಟ್ಟಿಂಗ್ ಹೀಗೆ

ಒಂದು ಮೋಟಾರಿನ ಲೆಕ್ಕ ಇಷ್ಟೇ:

- ಐಎನ್1 ಹೈ, ಐಎನ್2 ಲೋ: ಮುಂದಕ್ಕೆ
- ಐಎನ್1 ಲೋ, ಐಎನ್2 ಹೈ: ಹಿಂದಕ್ಕೆ
- ಎರಡೂ ಹೈ ಅಥವಾ ಎರಡೂ ಲೋ, ಇಎನ್‌ಎ ಆನ್: ಬ್ರೇಕ್ ಹಿಡಿದಂಗೆ ತಕ್ಷಣ ನಿಲ್ಲುತ್ತೆ
- ಇಎನ್‌ಎ ಸೊನ್ನೆ: ನ್ಯೂಟ್ರಲ್‌ಗೆ ಹಾಕಿದಂಗೆ ಉರುಳಿಕೊಂಡು ನಿಲ್ಲುತ್ತೆ

ಸ್ಪೀಡ್‌ಗೆ ಅನಲಾಗ್‌ರೈಟ್ ಕಮಾಂಡ್‌ನಲ್ಲಿ 0ಯಿಂದ 255ರವರೆಗೆ ಸಂಖ್ಯೆ ಕೊಡಬೇಕು. 255 ಅಂದ್ರೆ ಫುಲ್, 128 ಅಂದ್ರೆ ಅರ್ಧ ಹೊತ್ತು ಆನ್ ಅರ್ಧ ಹೊತ್ತು ಆಫ್. ಇದು ಸೆಕೆಂಡಿಗೆ ನೂರಾರು ಸಲ ಆಗೋದ್ರಿಂದ ಮೋಟಾರಿಗೆ ಸ್ಪೀಡ್ ಕಡಿಮೆ ಆದಂಗೆ ಅನ್ನಿಸುತ್ತೆ.

ಇಂಟರ್ನೆಟ್‌ನಿಂದ ಕಾಪಿ ಮಾಡಿದ ಕೋಡ್ ಇಲ್ಲಿಗೆ ನಿಲ್ಲುತ್ತೆ. ಕಾರು ನೆಟ್ಟಗೆ ಓಡಬೇಕಾದ್ರೆ ಇನ್ನೂ ನಾಲ್ಕು ಕೆಲಸ ಇದೆ. ಎಲ್ಲಾ ಟೆಸ್ಟಿಂಗ್ ಮೊದಲು ಚಕ್ರ ನೆಲಕ್ಕೆ ತಾಗದಂಗೆ ಕಾರನ್ನು ಡಬ್ಬಿ ಮೇಲೆ ಇಟ್ಟು ಮಾಡಿ.

ಮೊದಲನೇದು ದಿಕ್ಕು. ಎರಡೂ ಮೋಟಾರಿಗೆ ‘ಮುಂದಕ್ಕೆ’ ಕೊಡಿ. ಒಂದು ಹಿಂದಕ್ಕೆ ತಿರುಗಿದರೆ ಕೋಡ್ ತಿದ್ದೋಕೆ ಹೋಗಬೇಡಿ, ಆ ಮೋಟಾರಿನ ಎರಡು ವೈರ್ ಅದಲು ಬದಲು ಮಾಡಿ. ಸುಲಭ.

ಎರಡನೇದು ಕನಿಷ್ಠ ಸ್ಪೀಡ್. ಕಾರನ್ನು ನೆಲದ ಮೇಲಿಟ್ಟು ಸೊನ್ನೆಯಿಂದ ಐದೈದು ಏರಿಸುತ್ತಾ ಬನ್ನಿ. ಮೊದಮೊದಲು ಬರೀ ಗುಂಯ್ ಅನ್ನುತ್ತೆ, ಒಂದು ಸಂಖ್ಯೆಗೆ ಬಂದಾಗ ಚಕ್ರ ಉರುಳುತ್ತೆ. ಆ ಸಂಖ್ಯೆ ಬರೆದಿಡಿ. ನಿಮ್ಮ ಕೋಡ್ ಅದಕ್ಕಿಂತ ಕಡಿಮೆ ಸ್ಪೀಡ್ ಯಾವತ್ತೂ ಕೊಡಬಾರದು. ತಿರುಗದೆ ನಿಂತ ಮೋಟಾರ್ ಕರೆಂಟ್ ಎಳೀತಾನೇ ಇರುತ್ತೆ, ಡ್ರೈವರ್ ಕಾಯೋದು ಅದಕ್ಕೇ.

ಮೂರನೇದು ನೇರ ಓಟ. ಒಂದೇ ಪ್ಯಾಕೆಟ್‌ನಲ್ಲಿ ಬಂದ ಎರಡು ಮೋಟಾರ್ ಕೂಡ ಒಂದೇ ಸಮ ತಿರುಗಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಮೀಟರ್ ಗೆರೆ ಎಳೆದು ಓಡಿಸಿ. ಕಾರು ಎಡಕ್ಕೆ ವಾಲಿದರೆ ಎಡ ಮೋಟಾರ್ ನಿಧಾನ ಅಂತ ಅರ್ಥ. ಬಲದ ಸ್ಪೀಡ್ ಐದೈದು ಇಳಿಸಿ ನೋಡಿ. ಗೆರೆ ಮೇಲೇ ಹೋದಾಗ ಆ ವ್ಯತ್ಯಾಸವನ್ನು ಕೋಡ್‌ನಲ್ಲಿ ಕಾಯಂ ಮಾಡಿ. ಬ್ಯಾಟರಿ ಫುಲ್ ಇದ್ದಾಗಲೇ ಇದನ್ನು ಮಾಡಿ.

ನಾಲ್ಕನೇದು ನಿಧಾನ ಏರಿಕೆ. ನಿಂತ ಕಾರಿಗೆ ಒಮ್ಮೆಲೇ 255 ಕೊಟ್ಟರೆ ಬ್ಯಾಟರಿ ಮೇಲೆ ಹೊಡೆತ, ಪ್ಲಾಸ್ಟಿಕ್ ಗೇರ್ ಮೇಲೂ ಹೊಡೆತ. ಹತ್ತು ಮಿಲಿ ಸೆಕೆಂಡಿಗೆ 5ರಂತೆ ಏರಿಸಿದರೆ ಅರ್ಧ ಸೆಕೆಂಡಿನಲ್ಲಿ ಫುಲ್ ಸ್ಪೀಡ್ ಬರುತ್ತೆ, ನೋಡೋರಿಗೆ ತಡ ಅನ್ನಿಸಲ್ಲ. ಮುಂದೆ ಓಡ್ತಿರೋದನ್ನ ತಕ್ಷಣ ಹಿಂದಕ್ಕೆ ತಿರುಗಿಸಬೇಡಿ. ನಡುವೆ 200 ಮಿಲಿ ಸೆಕೆಂಡ್ ನಿಲ್ಲಿಸಿ.

ಬ್ಲೂಟೂತ್ ಕಾರು ಮಾಡೋರಿಗೆ

ಎಚ್‌ಸಿ-05 ಮಾಡ್ಯೂಲ್‌ನ ಟಿಎಕ್ಸ್ ಆರ್ಡುಯಿನೋದ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಆರ್ಡುಯಿನೋದ ಟಿಎಕ್ಸ್‌ಗೆ. ಮಾಡ್ಯೂಲ್‌ನ ಆರ್‌ಎಕ್ಸ್ 3.3 ವೋಲ್ಟ್‌ನದ್ದು. ಆರ್ಡುಯಿನೋ ಟಿಎಕ್ಸ್‌ನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ಕೊಟ್ಟು, ಆ ಆರ್‌ಎಕ್ಸ್‌ನಿಂದ ಜಿಎನ್‌ಡಿಗೆ 2 ಕಿಲೋ ಓಮ್ ಹಾಕಿ. ಕೋಡ್ ಅಪ್‌ಲೋಡ್ ಮಾಡುವಾಗ 0, 1 ಪಿನ್‌ನ ವೈರ್ ತೆಗೀರಿ, ಇಲ್ಲಾಂದ್ರೆ ಅಪ್‌ಲೋಡ್ ಆಗಲ್ಲ. ಜೋಡಿಸುವಾಗ ಕೇಳುವ ಪಿನ್ ನಂಬರ್ ಸಾಮಾನ್ಯವಾಗಿ 1234 ಅಥವಾ 0000. ಈ ಮಾಡ್ಯೂಲ್ ಐಫೋನ್ ಜೊತೆ ಕೆಲಸ ಮಾಡಲ್ಲ, ಆಂಡ್ರಾಯ್ಡ್ ಫೋನ್ ಬೇಕು.

ಮುಖ್ಯವಾದದ್ದು ಸುರಕ್ಷತೆ. ಸಂಪರ್ಕ ಕಡಿದುಹೋದರೆ ಕಾರು ಕೊನೆಯ ಕಮಾಂಡ್ ಹಿಡಿದು ಓಡ್ತಾನೇ ಇರುತ್ತೆ. ಪ್ರದರ್ಶನದ ಮೇಜಿನಿಂದ ಕೆಳಗೆ ಬೀಳೋದು ಹೀಗೇ. ಅರ್ಧ ಸೆಕೆಂಡ್ ಯಾವ ಕಮಾಂಡೂ ಬರದಿದ್ದರೆ ಎರಡೂ ಸ್ಪೀಡ್ ಸೊನ್ನೆ ಮಾಡೋ ಹಾಗೆ ಮಿಲ್ಲಿಸ್ ಬಳಸಿ ಕೋಡ್ ಬರೀರಿ. ಆಪ್‌ನಲ್ಲಿ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಕಮಾಂಡ್ ಮತ್ತೆ ಮತ್ತೆ ಕಳಿಸೋ ಸೆಟ್ಟಿಂಗ್ ಇರಬೇಕು.

ಓಡ್ತಿಲ್ಲವಾ? ಈ ಕ್ರಮದಲ್ಲಿ ನೋಡಿ

ಡ್ರೈವರ್‌ನ ಕೆಂಪು ಲೈಟ್ ಇಲ್ಲ: ಫ್ಯೂಸ್, ಸ್ವಿಚ್, ಹೋಲ್ಡರ್‌ನ ಸ್ಪ್ರಿಂಗ್ ನೋಡಿ.

ಲೈಟ್ ಇದೆ, ಮೋಟಾರ್ ಸುಮ್ಮನಿದೆ: ಜಿಎನ್‌ಡಿ ವೈರ್ ನೋಡಿ. ಆಮೇಲೆ ಇಎನ್‌ಎ ವೈರ್ ಸರಿ ಪಿನ್‌ನಲ್ಲಿದೆಯಾ ನೋಡಿ.

ಗುಂಯ್ ಅನ್ನುತ್ತೆ, ತಿರುಗಲ್ಲ: ಮೋಟಾರ್ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. 3ಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಅಥವಾ ಸ್ಪೀಡ್ ಸಂಖ್ಯೆ ಸಾಲದು.

ಓಡಿದ ಕೂಡಲೇ ಆರ್ಡುಯಿನೋ ಆಫ್ ಆಗಿ ಆನ್ ಆಗುತ್ತೆ: ಬ್ಯಾಟರಿ ಕುಸೀತಿದೆ. ಬ್ಯಾಟರಿ ಬದಲಿಸಿ, ನಿಧಾನ ಏರಿಕೆ ಹಾಕಿ.

ಒಂದೇ ಮೋಟಾರ್ ಓಡುತ್ತೆ: ಎರಡೂ ಮೋಟಾರಿನ ವೈರ್ ಅದಲು ಬದಲು ಮಾಡಿ. ತೊಂದರೆ ಮೋಟಾರ್ ಜೊತೆ ಹೋದರೆ ಮೋಟಾರ್ ಕೆಟ್ಟಿದೆ, ಟರ್ಮಿನಲ್‌ನಲ್ಲೇ ಉಳಿದರೆ ಡ್ರೈವರ್ ಅಥವಾ ಕೋಡ್.

ಹೀಟ್ ಸಿಂಕ್ ಮುಟ್ಟೋಕೆ ಆಗಲ್ಲ: ತಕ್ಷಣ ಆಫ್ ಮಾಡಿ. ಚಕ್ರ ಸಿಕ್ಕಿಕೊಂಡಿದೆಯಾ, ಔಟ್ ವೈರ್ ಒಂದಕ್ಕೊಂದು ತಾಗಿದೆಯಾ ನೋಡಿ.

ಬೇರೆ ಡ್ರೈವರ್ ಯಾವಾಗ?

ಸಣ್ಣ ಕಾರಿಗೆ ಟಿಬಿ6612 ಅನ್ನೋ ಪುಟ್ಟ ಬೋರ್ಡ್ ಎಲ್298ಎನ್‌ಗಿಂತ ಒಳ್ಳೇದು. ವೋಲ್ಟೇಜ್ ನುಂಗೋದು ತುಂಬಾ ಕಡಿಮೆ, ಬಿಸಿಯೂ ಕಡಿಮೆ. ಆದರೆ ಒಂದು ಮೋಟಾರಿಗೆ 1.2 ಆಂಪಿಯರ್ ಮಾತ್ರ, ಬ್ಯಾಟರಿ 13.5 ವೋಲ್ಟ್ ದಾಟಬಾರದು. ಇದರಲ್ಲಿ ಎಸ್‌ಟಿಬಿವೈ ಅನ್ನೋ ಪಿನ್‌ಗೆ 5 ವೋಲ್ಟ್ ಕೊಡೋದು ಮರೆತರೆ ಮೋಟಾರ್ ಅಲ್ಲಾಡಲ್ಲ. ಕಾರಿನ ವೈಪರ್ ಮೋಟಾರ್ ಹಾಕಿ ಕಳೆ ತೆಗೆಯೋ ಯಂತ್ರ, ಬೀಜ ಬಿತ್ತೋ ಗಾಡಿ ಮಾಡೋರಿಗೆ ಇವೆರಡೂ ಸಾಲಲ್ಲ, ಬಿಟಿಎಸ್7960 ಬೋರ್ಡ್ ಬೇಕು. ಅದರಲ್ಲಿ ಒಂದು ಬೋರ್ಡ್‌ಗೆ ಒಂದೇ ಮೋಟಾರ್. ವೈರ್ ದಪ್ಪ ಇರಲಿ, ಫ್ಯೂಸ್ ಕಡ್ಡಾಯ.

ಅಂಗಡಿಯವರ ಗಮನಕ್ಕೆ

ಮಗು ಬಂದು ‘9 ವೋಲ್ಟ್ ಬ್ಯಾಟರಿ ಕೊಡಿ’ ಅಂದ್ರೆ ಒಂದು ಮಾತು ಕೇಳಿ, ‘ಯಾವುದಕ್ಕಪ್ಪಾ?’ ಅಂತ. ಮೋಟಾರಿಗೆ ಅಂದ್ರೆ ಸೆಲ್ ಹೋಲ್ಡರ್ ತೋರಿಸಿ. ಅವತ್ತಿನ ವ್ಯಾಪಾರ ಸ್ವಲ್ಪ ಆಚೀಚೆ ಆಗಬಹುದು, ಆದರೆ ಆ ಮಗು ಮುಂದಿನ ಸಲವೂ ನಿಮ್ಮ ಅಂಗಡಿಗೇ ಬರುತ್ತೆ.

ಎಲ್298ಎನ್, 18650 ಹೋಲ್ಡರ್, 3 ಆಂಪಿಯರ್ ಫ್ಯೂಸ್ ಹೋಲ್ಡರ್ ಸಮೇತ, ಸಣ್ಣ ಸ್ವಿಚ್, 104 ಕೆಪಾಸಿಟರ್ ಇವಿಷ್ಟನ್ನು ಒಂದು ಪ್ಯಾಕೆಟ್ ಮಾಡಿ ಇಟ್ಟರೆ ಮಕ್ಕಳು ಒಂದೊಂದು ಸಾಮಾನಿಗೆ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತೋದು ತಪ್ಪುತ್ತೆ. 18650 ಸೆಲ್ ಮೇಲೆ 9900 ಅಂತ ಬರೆದಿದ್ದರೆ ನಂಬಿ ತರಿಸಬೇಡಿ. ಒಳ್ಳೆ ಕಂಪನಿ ಸೆಲ್ ಕೂಡ ಸಾಮಾನ್ಯವಾಗಿ 3500 ಮಿಲಿ ಆಂಪಿಯರ್ ಅವರ್ ಆಸುಪಾಸಿನಲ್ಲೇ ಇರುತ್ತೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಸೆಲ್ ಮಕ್ಕಳಿಗೆ ಮಾರಬೇಡಿ.

ಪ್ರದರ್ಶನದ ಹಿಂದಿನ ದಿನ

ಸೆಲ್ ಫುಲ್ ಚಾರ್ಜ್ ಮಾಡಿ, ಇನ್ನೊಂದು ಜೊತೆ ಕೈಯಲ್ಲಿಟ್ಟುಕೊಳ್ಳಿ. ಎಲ್ಲಾ ಸ್ಕ್ರೂ ಮತ್ತೊಮ್ಮೆ ಬಿಗಿ ಮಾಡಿ, ಬಸ್ಸಿನ ಕುಲುಕಾಟಕ್ಕೆ ಸಡಿಲ ಆಗುತ್ತವೆ. ಜಂಪರ್ ವೈರ್‌ಗಳ ಮೇಲೆ ಒಂದು ಸುತ್ತು ಟೇಪ್ ಹಾಕಿ. ವೈರಿಂಗ್‌ನ ಒಂದು ಫೋಟೋ ತೆಗೆದಿಡಿ, ಯಾವುದಾದರೂ ಕಿತ್ತು ಬಂದರೆ ನೋಡಿ ಹಾಕಬಹುದು. ಪ್ರಯಾಣದಲ್ಲಿ ಸೆಲ್ ಹೊರಗೆ ತೆಗೆದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇರೆ ಇಡಿ, ಕೀ ಗೊಂಚಲು, ಚಿಲ್ಲರೆ ಕಾಸಿನ ಜೊತೆ ಜೇಬಿನಲ್ಲಿ ಇಡಬೇಡಿ.

ತೀರ್ಪುಗಾರರು ಬಂದಾಗ ಕಾರು ಓಡಿಸೋದರ ಜೊತೆಗೆ ‘ಇದು 2 ವೋಲ್ಟ್ ಯಾಕೆ ನುಂಗುತ್ತೆ, ಜಿಎನ್‌ಡಿ ಯಾಕೆ ಒಂದಾಗಬೇಕು’ ಅಂತ ಮಗು ತಾನೇ ವಿವರಿಸಿದರೆ ಅದಕ್ಕಿಂತ ದೊಡ್ಡ ಮಾಡೆಲ್ ಬೇಕಿಲ್ಲ. ರೆಡಿಮೇಡ್ ಕಿಟ್ ತಂದು ಇಟ್ಟವರಿಗೆ ಈ ಪ್ರಶ್ನೆಗೆ ಉತ್ತರ ಬರಲ್ಲ, ವೈರಿಂಗ್ ತಾನೇ ಮಾಡಿದವರಿಗೆ ಬರುತ್ತೆ.

ಈ ಮಾಹಿತಿಯನ್ನು ನಿಮ್ಮ ಶಾಲೆಯ ವಾಟ್ಸಾಪ್ ಗ್ರೂಪ್, ವಿಜ್ಞಾನ ಮೇಷ್ಟ್ರು, ಪಕ್ಕದ ಅಂಗಡಿಯವರ ಜೊತೆ ಹಂಚಿಕೊಳ್ಳಿ.